ಟೇಪು ಹಿಡಿದಿದ್ದವಳು ನಾನೇ

ನಮ್ಮ ಬೀದಿ ಟೈಲರ್‌ಗೆ ಗಡ್ಡ ಎಷ್ಟು ಉದ್ದ ಅಂದ್ರೆ, ಒಂದಿನ ಮಿಷನ್ನಿಗೆ ಸಿಕ್ಕಿಹಾಕ್ಕೊಂಡು ಯಾರದೋ ಅಂಗಿಗೇ ಸೇರ್ಕೊಂಡ್ಬಿಡುತ್ತೆ ಅಂತ ನಾನು ರೇಗಿಸ್ತಿದ್ದೆ. "ಸೇರ್ಕೊಂಡ್ರೆ ಚಳಿಗಾಲಕ್ಕೆ ಬೆಚ್ಚಗಿರುತ್ತೆ ಬಿಡಿ ಅಜ್ಜಿ" ಅಂತಿದ್ದ. ಹೆಂಡ್ತಿ ಇಲ್ಲ, ಮಕ್ಕಳಿಲ್ಲ, ಒಂಟಿ ಆಸಾಮಿ. ಅವನನ್ನ ಬೀದಿ ಬಿಡಿಸಿದ್ದು ನನ್ನ ಬಾಯಿ. ಅಷ್ಟೇ ಆಗಿದ್ರೂ ಹೇಗೋ ನುಂಗ್ಕೊಳ್ತಿದ್ದೆ. ಅದೇ ಬಾಯಿ ನನ್ನ ಮೊಮ್ಮಗಳಿಗಿದ್ದ ಒಂದೇ ಒಂದು ಆಸರೆಗೂ ಬೀಗ ಹಾಕಿಸ್ತು.

ಮೊಮ್ಮಗಳಿಗೆ ಎಂಟು ವರ್ಷ. ಮಗ ಸೊಸೆ ಇಬ್ರೂ ಕೆಲಸಕ್ಕೆ ಹೋಗೋರು. ವಾರಕ್ಕೆ ಮೂರು ಸಂಜೆ ಅವಳ ಮಾವ, ಅಂದ್ರೆ ಸೊಸೆಯ ಅಣ್ಣ, ಲೆಕ್ಕ ಹೇಳ್ಕೊಡೋಕೆ ಬರೋನು. ಬ್ಯಾಂಕ್ ಕೆಲಸ, ಇಸ್ತ್ರಿ ಶರಟು, ಗಲ್ಲ ಎಷ್ಟು ನುಣುಪು ಅಂದ್ರೆ ಅದರಲ್ಲೇ ಮುಖ ನೋಡ್ಕೊಂಡು ನಾನು ತಲೆ ಬಾಚ್ಕೋಬಹುದಿತ್ತು. ನನ್ನ ಮಂಡಿಗೆ ಎಣ್ಣೆ ಬೇರೆ ತಂದ್ಕೊಡೋನು. "ನೀವು ಆರಾಮಾಗಿ ಟಿವಿ ನೋಡಿ ಅಮ್ಮ, ಮಗೂಗೆ ಗಮನ ಆಚೀಚೆ ಹೋಗ್ಬಾರ್ದು" ಅಂತ ರೂಮಿನ ಬಾಗಿಲು ಹಾಕ್ಕೊಳ್ಳೋನು. ಎಂಥಾ ಶಿಸ್ತಪ್ಪಾ ಅಂತ ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಅದೇ ಹೊತ್ತಿಗೆ ಟಿವೀಲಿ ಒಂದು ಕಾರ್ಯಕ್ರಮ, ಮಕ್ಕಳ ಮೈಮೇಲೆ ಕೈಹಾಕೋ ಪಾಪಿಗಳದ್ದು. ಢಮ್ ಢಮ್ ಸದ್ದು, ಕಪ್ಪು ನೆರಳು, ಗಡ್ಡ, ಕೆಂಪು ಕಣ್ಣು. ಕೋಟು ಹಾಕ್ಕೊಂಡವನು ಕಿರುಚೋನು: "ನಿಮ್ಮ ಬೀದೀಲೂ ಇರಬಹುದು! ಒಂಟಿಯಾಗಿರೋನು! ಮಕ್ಕಳಿಗೆ ಏನಾದ್ರೂ ಕೊಟ್ಟು ಕರೆಯೋನು!" ಕಿವಿ ಮಂದ ಅಂತ ನಾನು ಸೌಂಡು ಮೂರು ಬೀದಿಗೆ ಕೇಳೋ ಹಾಗೆ ಇಡ್ತಿದ್ದೆ. ಪಕ್ಕದ ಮುಚ್ಚಿದ ಬಾಗಿಲ ಹಿಂದೆ ಮಗು ಅತ್ರೂ ನನಗೆ ಕೇಳ್ತಿರ್ಲಿಲ್ಲ.

ಆಮೇಲೆ ಮಗು ಸ್ಕೂಲಿಂದ ಬರೋದು ತಡ ಆಗೋಕೆ ಶುರುವಾಯ್ತು. ಹೋಗಿ ನೋಡಿದ್ರೆ ಟೈಲರ್ ಅಂಗಡಿ ಬಾಗಿಲಲ್ಲಿ ಕೂತು, ಅವನು ಕೊಟ್ಟ ಬಟ್ಟೆ ಚೂರಲ್ಲಿ ಗೊಂಬೆಗೆ ಲಂಗ ಕಟ್ತಿರೋದು. "ಮಾವ ಬಂದಿದ್ದಾರೆ, ಬಾರೇ" ಅಂದ್ರೆ "ಆಮೇಲೆ ಬರ್ತೀನಜ್ಜಿ" ಅಂತ ಮಿಷನ್ನಿನ ಕಾಲು ಗಟ್ಟಿಯಾಗಿ ಹಿಡ್ಕೊಳ್ಳೋದು. ಬೆಳಗ್ಗೆ ಎದ್ರೆ ಹಾಸಿಗೆ ಒದ್ದೆ. ಊಟ ಸೇರಲ್ಲ. ಏನೋ ಆಗಿದೆ ಅಂತ ನನಗೂ ಗೊತ್ತಾಯ್ತು. ಗೊತ್ತಾಗಿ ಮಾಡಿದ್ದೇನು? ಟಿವಿಯ ಗಡ್ಡ ತಂದು ಇವನ ಗಡ್ಡಕ್ಕೆ ಅಂಟಿಸ್ದೆ.

ಮರುದಿನ ಹಾಲಿನ ಬೂತಿನ ಸಾಲಲ್ಲಿ ಅಂದೆ: "ಯೂನಿಫಾರಂ ಅಳತೆ ನೆಪದಲ್ಲಿ ಹೆಣ್ಮಕ್ಕಳನ್ನ ಹೇಗೆ ಮುಟ್ತಾನೆ ಗೊತ್ತೇನ್ರೇ? ನಾನೇ ಕಣ್ಣಾರೆ ನೋಡಿದ್ದೀನಿ."

ನೋಡಿರ್ಲಿಲ್ಲ. ಆ ಟೈಲರ್ ಹೆಣ್ಮಕ್ಕಳ ಅಳತೆ ತಾನು ತೆಗೆದವನೇ ಅಲ್ಲ. ಟೇಪನ್ನ ಜೊತೇಲಿ ಬಂದ ಹೆಂಗಸರ ಕೈಗೆ ಕೊಟ್ಟು, ತಾನು ಮಾರು ದೂರ ನಿಂತು "ಭುಜ ಎಷ್ಟು ಬಂತು? ಉದ್ದ ಎಷ್ಟು?" ಅಂತ ಕೇಳಿ ಬರ್ಕೊಳ್ಳೋನು. ನನ್ನ ಮೊಮ್ಮಗಳಿಗೆ ಟೇಪು ಹಿಡಿದಿದ್ದವಳು ನಾನೇ. ನಂಬರ್ ಓದೋಕೆ ಬರದೆ, ಟೇಪಿನ ಮೇಲೆ ಉಗುರು ಒತ್ತಿ ಹಿಡಿದು ತೋರಿಸಿದ್ದೆ.

ಮಾತು ಸಾಲಿನ ಕೊನೆ ಮುಟ್ಟೋ ಹೊತ್ತಿಗೆ ಒಂದು ಹತ್ತಾಗಿತ್ತು. ಮಧ್ಯಾಹ್ನಕ್ಕೆ ಅಂಗಡಿ ಮುಂದೆ ಜನ, ಕೈಯಲ್ಲೆಲ್ಲ ಫೋನು. ಮಿಷನ್ನು ರಸ್ತೆಗೆ ಬಿತ್ತು. ಅವನು ಗುಂಪಲ್ಲಿ ನನ್ನನ್ನ ನೋಡಿ "ಅಜ್ಜೀ, ನೀವಾದ್ರೂ ಹೇಳಿ" ಅಂದ. ನಾನು ಸೆರಗು ಬಾಯಿಗೆ ಒತ್ಕೊಂಡು ನಿಂತೆ. ಸಂಜೆಗೆ ಅಂಗಡಿಗೆ ಬೀಗ.

"ಇನ್ನು ಭಯ ಇಲ್ಲ ಕಂದಾ, ಸ್ಕೂಲಿಂದ ಸೀದಾ ಮನೆಗೆ ಬಾ" ಅಂದೆ ಮೊಮ್ಮಗಳಿಗೆ. ಮಗು ನನ್ನನ್ನೇ ನೋಡ್ತು. ಬಂತು. ಸೀದಾ ಬಂತು. ಮೂರು ತಿಂಗಳು ಹಾಗೇ ಬಂತು.

ಕೊನೆಗೆ ಮಗು ಹೇಳ್ಕೊಂಡಿದ್ದು ಸ್ಕೂಲಿನ ಟೀಚರ್ ಹತ್ರ. ಅವರು ಒಬ್ಬ ಪೊಲೀಸಮ್ಮನ್ನ ಕರ್ಕೊಂಡು ಮನೆಗೆ ಬಂದ್ರು. ಸೊಸೆ ಕೇಳಿದ್ದೇ "ಆ ಟೈಲರ್ ತಾನೇ ಪುಟ್ಟಿ?" ಅಂತ.

ಮಗು ಇಲ್ಲ ಅಂತ ತಲೆ ಆಡಿಸ್ತು. "ಮಾವ" ಅಂತು.

"ನಮ್ಮಣ್ಣ ಅಂಥವನಲ್ಲ! ಮಗು ಗಾಬರೀಲಿ ಏನೋ ಅಂತಿದೆ. ಟೈಲರ್‌ನ ನಮ್ಮತ್ತೆ ಕಣ್ಣಾರೆ ನೋಡಿದ್ದಾರೆ. ಹೇಳಿ ಅತ್ತೆ!"

ನನ್ನ ಸುಳ್ಳು ನಿಂತ್ರೆ ಮಗು ಮಾತು ಬೀಳುತ್ತೆ. ಅಷ್ಟು ತಿಳಿಯೋಕೆ ಓದು ಬೇಕಾಗ್ಲಿಲ್ಲ.

"ನಾನೇನೂ ನೋಡಿಲ್ಲಮ್ಮ. ಟೇಪು ಹಿಡಿದಿದ್ದವಳು ನಾನು. ಅವನು ಮುಟ್ಟಿಲ್ಲ. ನಾನು ಸುಳ್ಳು ಹೇಳ್ದೆ. ಮಗು ಹೇಳ್ತಿರೋದು ನಿಜ. ಬರ್ಕೊಳ್ಳಿ."

ಪೊಲೀಸಮ್ಮ ಬರ್ಕೊಂಡ್ರು. ಸೊಸೆ ಒಂದ್ಸಲ ನನ್ನನ್ನ, ಒಂದ್ಸಲ ಮಗೂನ ನೋಡಿದ್ಲು. ಆಮೇಲೆ ಕೈ ಚಾಚಿ ಮಗೂನ ಎಳ್ಕೊಂಡ್ಲು. ಅವತ್ತೇ ಅವಳಣ್ಣನ್ನ ಕರ್ಕೊಂಡು ಹೋದ್ರು. ಬೀದಿಗೆ ಯಾವ ಟಿವಿಯವರೂ ಬರ್ಲಿಲ್ಲ. ಅವರ ಕಪ್ಪು ನೆರಳಿಗೆ ಇಸ್ತ್ರಿ ಶರಟು ಹೊಂದ್ಲಿಲ್ಲ ಅಂತ ಕಾಣುತ್ತೆ.

ಟೈಲರ್‌ನ ಹುಡುಕ್ಕೊಂಡು ಎರಡು ಬಸ್ಸು ಹತ್ತಿ ಹೋದೆ. ಗೋಣಿಚೀಲ ಹೊಲಿಯೋ ಶೆಡ್ಡಲ್ಲಿದ್ದ. ಗಡ್ಡ ತೆಗೆಸಿದ್ದ, ಗುರುತೇ ಹತ್ತಲಿಲ್ಲ.

"ತಪ್ಪಾಯ್ತಪ್ಪ. ಎಲ್ರಿಗೂ ನಿಜ ಹೇಳಿದ್ದೀನಿ. ವಾಪಸ್ ಬಾ."

"ನಂಬಿದ್ರಾ?"

"ಅರ್ಧ ಬೀದಿ ನಂಬಿದೆ." ನಂಬಿದ್ದು ಆರು ಜನ.

"ಬೇಡಜ್ಜಿ. ಈಗ ಎದುರಿಗೆ ಮಗು ಬಂದ್ರೆ ನಾನೇ ರಸ್ತೆ ದಾಟ್ಕೊಂಡು ಹೋಗ್ತೀನಿ." ಸೂಜಿಗೆ ದಾರ ಪೋಣಿಸ್ತಾ ಕೇಳ್ದ, "ಅವಳು ಹೇಗಿದ್ದಾಳೆ?"

"ಒಂಚೂರು ಊಟ ಮಾಡ್ತಾಳೆ."

"ಮನೆಗೆ ಹೋಗು ಪುಟ್ಟಿ ಅಂದ್ರೆ ನಡುಗೋಳು. ಏನೋ ಸರಿ ಇಲ್ಲ, ನಿಮ್ಮ ಕಿವಿಗೆ ಹಾಕ್ಬೇಕು ಅಂತ ಎರಡು ದಿನದಿಂದ ಅಂದ್ಕೊಳ್ತಿದ್ದೆ. ಅವತ್ತು ಗುಂಪಲ್ಲಿ ನೀವು ಕಂಡಾಗ, ಸದ್ಯ, ಅಜ್ಜಿ ಬಂದ್ರಲ್ಲ ಅನ್ನಿಸ್ತು."

ಅವನು ಮುಂದಿನ ಚೀಲ ಎತ್ಕೊಂಡ. ಈಗ ಮೊಮ್ಮಗಳನ್ನ ದಿನಾ ಕರ್ಕೊಂಡು ಬರೋಳು ನಾನೇ; ಸ್ಕೂಲು ಬಿಡೋ ಹೊತ್ತಿಗೆ ಗೇಟಲ್ಲಿ ನಿಂತಿರಬೇಕು ಅಂತ ಬಸ್ಸಿನ ಕಡೆ ನಡೆದೆ.