ಇದ್ದಿಲಿಗೆ ಚೊಗರು

ಅಡ್ಡಗದ್ದೆಯ ಗಣಪಯ್ಯನವರಿಗೆ ಗೊತ್ತಿಲ್ಲದ ವಿಷಯ ಭೂಮಿಯ ಮೇಲೆ ಇರಲಿಲ್ಲ. ಇದ್ದರೆ ಅದು ವಿಷಯವೇ ಅಲ್ಲ ಎಂಬುದು ಅವರ ತೀರ್ಮಾನ. ಅಡಿಕೆಗೆ ಬಣ್ಣ ಕಟ್ಟುವುದರಲ್ಲಿ ಮೂರು ತಾಲ್ಲೂಕಿಗೆ ತಾನೊಬ್ಬನೇ ಎಂದು ಎದೆಯುಬ್ಬಿಸುವ ಈ ಚಿಕ್ಕಪ್ಪನನ್ನು ಕಂಡರೆ ಸಂಪದಾಳಿಗೆ ಒಳಗೊಳಗೇ ನಗು. ಅಡಿಕೆ ಬೇಯಿಸಿದ ನೀರನ್ನು ಕುದಿಸಿ ಗಟ್ಟಿ ಮಾಡಿದ ಚೊಗರಿಗೆ ಅದ್ದಿ ತೆಗೆದರೆ ಯಾರ ಅಡಿಕೆಯಾದರೂ ಕೆಂಪಾಗುತ್ತದೆ, ಅದಕ್ಕೆ ಕೊಂಬು ಬಂದವರ ಹಾಗೆ ಆಡುವುದೇನು?

ಸಂಪದಾ ಕೊಪ್ಪದ ಕಾಲೇಜಿನಲ್ಲಿ ಕೆಮಿಸ್ಟ್ರಿ ಮೇಡಂ. ಇದೇ ಚಿಕ್ಕಪ್ಪ ತಿಪ್ಪೆಗೆ ಎಸೆಯುವ ಅಡಿಕೆ ಸಿಪ್ಪೆಯನ್ನು ತಂದು, ಆಸಿಡ್ಡಿನಲ್ಲಿ ತೊಳೆದು, ಎರವಲು ತಂದ ಗಾಳಿಯಾಡದ ಕುಲುಮೆಯಲ್ಲಿ ಸುಟ್ಟು, ಹತ್ತು ತಿಂಗಳಲ್ಲಿ ಒಂದು ಡಬ್ಬಿ ಕಾರ್ಬನ್ ಪುಡಿ ಮಾಡಿದ್ದಳು. ಲಿಥಿಯಂ ಬ್ಯಾಟರಿಯ ನೆಗೆಟಿವ್ ಕಡೆಗೆ ಬಳಿಯುವ ಪುಡಿ. ಚಾರ್ಜ್ ಮಾಡಿದಾಗ ಲಿಥಿಯಂ ಬಂದು ಕೂರುವುದು ಅದರಲ್ಲೇ. ಮೈಸೂರಿನ ಲ್ಯಾಬೊಂದು ಒಂದೇ ಒಂದು ಸಲ ಪರೀಕ್ಷಿಸಲು ಒಪ್ಪಿತ್ತು. ಪಾಸಾದರೆ ಕುಲುಮೆ ಕಾಲೇಜಿನಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ತಿಂಗಳ ಕೊನೆಗೆ ವಾಪಸ್. ಅಲ್ಲಿಗೆ ಅವಳ ಸಂಶೋಧನೆಯೂ ಮುಗಿದಂತೆ.

ಪುಡಿ ತೇವ ಹಿಡಿಯಬಾರದು. ಕಾಲೇಜಿನ ಕರೆಂಟಿನ ಕಥೆಯಂತೂ ಕೇಳುವುದೇ ಬೇಡ. ಗತಿಯಿಲ್ಲದೆ ಡಬ್ಬಿಯನ್ನು ಚಿಕ್ಕಪ್ಪನ ಸೌದೆಯ ಅಡಿಕೆ ಡ್ರೈಯರಿನಲ್ಲಿ ಎರಡು ದಿನ ಇಡಿಸಿದಳು. ತರುವಾಗ ಪುಡಿ ಅಲ್ಲಲ್ಲಿ ಗಂಟಾಗಿತ್ತು. ಇವರ ಡ್ರೈಯರಿನ ಯೋಗ್ಯತೆ ಇಷ್ಟೇ ಎಂದುಕೊಂಡು, ಅರೆದು ಕಳಿಸಿಬಿಟ್ಟಳು.

ಹದಿನೈದು ದಿನಕ್ಕೆ ರಿಪೋರ್ಟ್ ಬಂತು. ಫೇಲ್. ಮೊದಲ ಚಾರ್ಜಿನಲ್ಲಿ ಒಳಹೋದ ಲಿಥಿಯಂನಲ್ಲಿ ಅರ್ಧಕ್ಕರ್ಧ ಹೊರಗೆ ಬಂದೇ ಇಲ್ಲ. ಪುಡಿಯ ಮೇಲೆ ಸುಡದ ಟ್ಯಾನಿನ್ ಕೂತಿದೆ. ಟ್ಯಾನಿನ್ ಎಂದರೆ ಚೊಗರಿನ ಕೆಂಪೇ ತಾನೆ? ಸಂಪದಾಳಿಗೆ ಮೈಯೆಲ್ಲ ಉರಿದುಹೋಯಿತು. ಸ್ಕೂಟರ್ ಹತ್ತಿ ನೆಟ್ಟಗೆ ಅಡ್ಡಗದ್ದೆಗೆ ಬಂದಳು.

ಗಣಪಯ್ಯ ಮುಚ್ಚುಮರೆ ಮಾಡಲಿಲ್ಲ. ಪುಡಿ ಕಳೆಗುಂದಿತ್ತಂತೆ, ದೊಡ್ಡವರ ಮುಂದೆ ಹೋಗುವ ಮಾಲು ಹಾಗಿದ್ದರೆ ಮನೆತನದ ಮರ್ಯಾದೆ ಏನಾಗಬೇಕು ಎಂದು, ಯಾರಿಗೂ ಕೊಡದ ಒಳ್ಳೇ ಚೊಗರಿನಲ್ಲಿ ಎರಡು ಸಲ ನೆನೆಸಿ ಒಣಗಿಸಿದ್ದರಂತೆ.

ಇದ್ದಿಲಿಗೂ ಬಣ್ಣ ಕಟ್ಟುವ ಪುಣ್ಯಾತ್ಮರನ್ನು ಎಲ್ಲೂ ಕಂಡಿಲ್ಲ, ಅಡಿಕೆ ಬಿಟ್ಟರೆ ತಲೆಯಲ್ಲಿ ಮತ್ತೇನಾದರೂ ಇದೆಯೇ ಎಂದು ಅವಳು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಹಿರಿಯರು ಎಂದು ಹಿಂದೆಮುಂದೆ ನೋಡಲಿಲ್ಲ.

ಗಣಪಯ್ಯ ಟವೆಲಿನಿಂದ ಮುಖ ಒರೆಸಿಕೊಂಡರು.

"ಈ ಪುಡಿ ಎಂತಕ್ಕೆ ಅಂತ ಮೂರು ಸಲ ಕೇಳಿದ್ದೆ ಕೂಸೆ. ನಿಮಗೆ ಅರ್ಥ ಆಗಲ್ಲ ಬಿಡಿ ಚಿಕ್ಕಪ್ಪ ಅಂದೆ ನೀನು. ಅರ್ಥ ಆಗದವ, ಗೊತ್ತಿದ್ದಷ್ಟು ಮಾಡಿದೆ."

ಮೂರು ಸಲವೂ ಸಂಪದಾ ಹಾಗೇ ಅಂದಿದ್ದಳು. ಮೂರನೆಯ ಸಲ ನಕ್ಕೂ ಇದ್ದಳು.