ಎಂಟನೇ ಕ್ಲಾಸಿನ ವಿದೇಶಿ ಮಾತುಕತೆ

ಎರಡು ದೇಶದ ಮಕ್ಕಳನ್ನು ಒಂದೇ ಹೊತ್ತಿಗೆ ಕಂಪ್ಯೂಟರಿನ ಮುಂದೆ ಕೂರಿಸುವುದಕ್ಕಿಂತ ಎರಡು ಮನೆಯವರನ್ನು ಒಪ್ಪಿಸಿ ಮದುವೆ ಮಾಡಿಸುವುದು ಸುಲಭ. ನಾನು ಪುಲಿಕೇಶಿನಗರದ ಒಂದು ಅನುದಾನಿತ ಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರು. ಇನೆಸ್ ಎಂಬಾಕೆ ಪೋರ್ಚುಗಲ್ಲಿನ ಒಂದು ಸಣ್ಣ ಕಡಲೂರಿನಲ್ಲಿ ಟೀಚರು. ಆನ್‌ಲೈನ್ ತರಬೇತಿಯೊಂದರಲ್ಲಿ ಪರಿಚಯವಾಗಿ ಇಬ್ಬರೂ ಸೇರಿ ಒಂದು ಪ್ರಾಜೆಕ್ಟ್ ಹಾಕಿಕೊಂಡೆವು. ಮಕ್ಕಳು ಮನೆಯಿಂದ ಶಾಲೆಗೆ ಬರುವ ದಾರಿಯ ಸದ್ದುಗಳನ್ನು ರೆಕಾರ್ಡ್ ಮಾಡಿ ಕಳಿಸಬೇಕು, ಆ ಕಡೆಯ ಮಕ್ಕಳು ಅದು ಯಾವುದರ ಸದ್ದೆಂದು ಊಹಿಸಬೇಕು. ಕೊನೆಗೊಂದು ದಿನ ವಿಡಿಯೊದಲ್ಲಿ ಎದುರಾಬದುರು ಕೂತು ಒಬ್ಬರನ್ನೊಬ್ಬರು ಕೇಳಿ ತಿಳಿದುಕೊಳ್ಳಬೇಕು.

ಆ ಒಂದು ದಿನ ಗೊತ್ತುಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ನಮಗೆ ದಸರಾ ರಜೆ ಇದ್ದಾಗ ಅವರಿಗೆ ಪಾಠ, ನಮಗೆ ಪಾಠ ಇದ್ದಾಗ ಅಲ್ಲಿ ಮುಷ್ಕರ. ಶುಕ್ರವಾರ ಆಗಬಹುದೇ ಎಂದಳು, ಮಧ್ಯಾಹ್ನ ನಮಾಜಿಗೆ ಬಿಡುವು ಕೊಡುತ್ತೇವೆ ಎಂದೆ. ಅವರ ಬೆಳಿಗ್ಗೆ ಒಂಬತ್ತು ನಮ್ಮ ಮಧ್ಯಾಹ್ನ ಒಂದೂವರೆ ಎಂದು ಬಾಯಿಪಾಠ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಚಳಿಗಾಲ ಬಂತೆಂದು ಅವರ ದೇಶವೇ ಗಡಿಯಾರ ತಿರುಗಿಸಿ ಅದನ್ನು ಎರಡೂವರೆ ಮಾಡಿತು. ಕೊನೆಗೆ ನವೆಂಬರಿನ ಒಂದು ಮಂಗಳವಾರ ಇಬ್ಬರಿಗೂ ಕೂಡಿಬಂತು.

ಮಕ್ಕಳಿಗೆ ಇದ್ಯಾವುದೂ ಗೊತ್ತಿಲ್ಲ. ಅವರಿಗೆ ಹುಚ್ಚು ಹಿಡಿದಿತ್ತು. ಫಹೀಮ್ ಶಿವಾಜಿನಗರದ ಕಬ್ಬಿನ ಹಾಲಿನ ಮಿಷಿನ್ನಿನ ಗೆಜ್ಜೆ ಸದ್ದು ಕಳಿಸಿದ್ದ. ನಚಿಕೇತ ಬೇಕರಿಯಲ್ಲಿ ಬ್ರೆಡ್ ಕತ್ತರಿಸುವ ಸದ್ದು, ಇಕ್ರಾ ಈಸ್ಟ್ ಸ್ಟೇಷನ್ನಿನಲ್ಲಿ ನಿಲ್ಲದೆ ಓಡುವ ರೈಲಿನ ಸದ್ದು. ಅಲ್ಲಿಂದ ಲೂಸಿಯಾ ಎಂಬ ಹುಡುಗಿ ಕಳಿಸಿದ್ದು ಬರೀ ಟಿಣ್ ಟಿಣ್ ಎಂಬ ಸದ್ದು, ನಿಲ್ಲುವುದೇ ಇಲ್ಲ. ಯಾರೋ ಚಮಚದಲ್ಲಿ ಪಾತ್ರೆ ಬಡಿಯುತ್ತಿದ್ದಾರೆ ಎಂದಳು ಇಕ್ರಾ. ಗುಜರಿ ಅಂಗಡಿ ಎಂದ ಫಹೀಮ್. ಇದೇ ಜಗಳ ಒಂದು ವಾರ ನಡೆಯಿತು. ಯಾವಾಗಲೂ ಕೊನೆಯ ಬೆಂಚಿನಲ್ಲಿ ಕೂರುವ ಮಾಹಿರಾ ಕೂಡ ಸ್ಟಾಫ್‌ರೂಮಿಗೆ ಬಂದು, “ಮಿಸ್, ಅವಳನ್ನೇ ಕೇಳ್ಬಹುದಾ?” ಎಂದಳು. ಅವರೇ ಕೇಳಬೇಕು, ಅವರೇ ಹೇಳಬೇಕು, ವಿಡಿಯೊ ಇರುವ ನಲವತ್ತು ನಿಮಿಷ ನಾನು ಬಾಯಿ ಹಾಕಬಾರದು. ಇಷ್ಟೆಲ್ಲ ಒದ್ದಾಡಿದ್ದು ಅದಕ್ಕೇ. ನನಗೆ ಬೇರೇನೂ ಬೇಕಿರಲಿಲ್ಲ.

ವಿಷಯ ನಮ್ಮ ಶಾಲೆಯ ಕಾರ್ಯದರ್ಶಿ ಶ್ರೀಕಂಠಯ್ಯನವರ ಕಿವಿಗೆ ಬಿತ್ತು. ವಿಮಾ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಒಳ್ಳೆಯ ಮನುಷ್ಯ. ಒಳ್ಳೆಯವರ ಜೊತೆ ಜಗಳ ಆಡುವುದು ಕಷ್ಟ, ಅದೇ ನನ್ನ ಸಿಟ್ಟು.

“ಶಕೀಲಾ ಮೇಡಂ, ಫಾರಿನ್ ಸ್ಕೂಲು ನಮ್ಮನ್ನ ನೋಡುತ್ತೆ. ಸುಮ್ನೆ ಹುಡುಗರನ್ನ ಕೂರಿಸಿಬಿಟ್ರೆ ಏನ್ ಚೆನ್ನಾಗಿರುತ್ತೆ? ಒಂದು ಸಣ್ಣ ಪ್ರೋಗ್ರಾಂ ಇಟ್ಕೊಳ್ಳೋಣ.”

“ಸರ್, ಮಕ್ಕಳು ಮಾತಾಡೋದೇ ಪ್ರೋಗ್ರಾಂ.”

“ಮಾತಾಡ್ಲಿ, ಯಾರು ಬೇಡ ಅಂದ್ರು? ಪ್ರಾರ್ಥನೆ, ಸ್ವಾಗತ, ದೀಪ, ಎರಡೇ ಎರಡು ಮಾತು. ಆಮೇಲೆ ಪೂರ್ತಿ ಟೈಮ್ ಮಕ್ಕಳದ್ದೇ.”

ಆ ಎರಡು ಮಾತಿಗೆ ಅವರು ಒಬ್ಬ ಮಾಜಿ ಕಾರ್ಪೊರೇಟರನ್ನು ಕರೆದರು. ಫ್ಲೆಕ್ಸ್ ಬಂತು. ಅದರಲ್ಲಿ ಕಾರ್ಪೊರೇಟರ ಮುಖ ದೊಡ್ಡದಾಗಿತ್ತು, ಕಾರ್ಯದರ್ಶಿಗಳ ಮುಖ ಅದಕ್ಕಿಂತ ಸ್ವಲ್ಪ ಚಿಕ್ಕದು, ಮಕ್ಕಳ ಮುಖ ಇರಲಿಲ್ಲ. ಕಂಪ್ಯೂಟರ್ ಟೀಚರ್ ಸುನಿಲ್ ನನ್ನ ಮುಖ ನೋಡಿ, “ಬಿಡಿ ಮೇಡಂ, ಒಂದು ಹತ್ತು ನಿಮಿಷ ಹೋಗುತ್ತೆ ಅಷ್ಟೇ,” ಎಂದರು. ನಾನೂ ಹಾಗೇ ಅಂದುಕೊಂಡು ಹಲ್ಲು ಕಚ್ಚಿಕೊಂಡೆ.

ಮಂಗಳವಾರ ಎರಡೂವರೆಗೆ ಸರಿಯಾಗಿ ಅಲ್ಲಿಯ ಮಕ್ಕಳು ಪರದೆಯ ಮೇಲೆ ಬಂದು ಕೂತರು. ನಮ್ಮ ಮಕ್ಕಳು ಆಗಲೇ ಕೈ ಬೀಸತೊಡಗಿದ್ದರು. ಮುಖ್ಯ ಅತಿಥಿಗಳು ಮಾತ್ರ ಬಂದಿರಲಿಲ್ಲ, ಟ್ಯಾನರಿ ರೋಡಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವರು ಬರುವವರೆಗೆ ಶುರು ಮಾಡುವ ಹಾಗಿಲ್ಲ. ಬಂದ ಮೇಲೆ ದೀಪ ಹತ್ತಲಿಲ್ಲ, ಫ್ಯಾನ್ ಆರಿಸಬೇಕಾಯಿತು. ಆಮೇಲೆ ಅತಿಥಿಗಳು ಶಿಸ್ತಿನ ಬಗ್ಗೆ ಮಾತಾಡಿದರು, ಕನ್ನಡದಲ್ಲಿ, ಮೈಕಿನಲ್ಲಿ. ಅಲ್ಲಿಯ ಮಕ್ಕಳು ಬೆಪ್ಪಾಗಿ ನೋಡುತ್ತಿದ್ದರು. ನಾನು ಹಾರದ ತಟ್ಟೆ ಹಿಡಿದು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದೆ. ಆ ತಟ್ಟೆಯನ್ನು ಎಸೆದುಬಿಡಬೇಕು ಅನ್ನಿಸುತ್ತಿತ್ತು.

ಇನ್ನೂ ಸ್ವಲ್ಪ ಸಮಯ ಉಳಿದಿತ್ತು. ಅಷ್ಟರಲ್ಲಿ ಸನ್ಮಾನ ಬಂತು. ಇನೆಸ್ ಮೇಡಮ್ಮಿಗೂ ಒಂದು ಶಾಲು, ಒಂದು ಮೈಸೂರು ಪೇಟ, ಒಂದು ಗಂಧದ ಹಾರ ತರಿಸಿದ್ದರು. ಆಕೆ ಇರುವುದು ಪೋರ್ಚುಗಲ್ಲಿನಲ್ಲಿ, ಹೊದಿಸುವುದು ಯಾರಿಗೆ? ಶ್ರೀಕಂಠಯ್ಯನವರು ಒಂದು ಕ್ಷಣ ಯೋಚಿಸಿ, ಅತಿಥಿಗಳನ್ನು ಕರೆದುಕೊಂಡು ಹೋಗಿ ಕಂಪ್ಯೂಟರಿಗೇ ಶಾಲು ಹೊದಿಸಿದರು. ಪೇಟವನ್ನು ಮೇಲೆ, ಕ್ಯಾಮೆರಾದ ನೆತ್ತಿಗೆ ಇಟ್ಟರು, ಹಾರ ಹಾಕಿದರು, ಫೋಟೋಗೆ ನಿಂತರು. ನೋಡಲು ಸೇರಿದ್ದ ಇಡೀ ಶಾಲೆ ಚಪ್ಪಾಳೆ ತಟ್ಟಿತು. ಶಾಲಿನ ಒಳಗಿಂದ ಇನೆಸಳ ದನಿ, ನಿಮ್ಮ ಚಿತ್ರ ಹೋಯಿತು, ಏನಾಯಿತು ಎಂದು ಕೇಳುತ್ತಲೇ ಇತ್ತು. ನಾನು ಓಡಿ ಹೋಗಿ ಶಾಲು ಎಳೆಯುವಷ್ಟರಲ್ಲಿ ಅಲ್ಲಿ ಗಂಟೆ ಬಾರಿಸಿ ಮಕ್ಕಳು ಬ್ಯಾಗು ಹೆಗಲಿಗೆ ಹಾಕಿಕೊಂಡಿದ್ದರು.

“ತುಂಬಾ ಚೆನ್ನಾಗಾಯ್ತು ಮೇಡಂ,” ಎಂದರು ಶ್ರೀಕಂಠಯ್ಯನವರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮಾಹಿರಾ ಕೇಳಬೇಕೆಂದಿದ್ದನ್ನು ಕೇಳಲು ಆಗಿರಲೇ ಇಲ್ಲ.

ರಾತ್ರಿ ಇನೆಸಳಿಗೆ ಕ್ಷಮೆ ಕೇಳಿ ಮೇಲ್ ಬರೆದೆ. ಅವಳು ಬೈಯಲಿಲ್ಲ. ಗುರುವಾರ ತನ್ನ ಮಕ್ಕಳಿಗೆ ಹತ್ತು ನಿಮಿಷದ ಬಿಡುವು ಇದೆ, ಬೇಕಾದರೆ ಆಗ ಮಾಡೋಣ ಎಂದಳು. ಅದು ನಮ್ಮ ಶಾಲೆ ಬಿಡುವ ಹೊತ್ತು. ನಾನು ಯಾರಿಗೂ ಹೇಳಲಿಲ್ಲ. ಗುರುವಾರ ಗಂಟೆ ಬಾರಿಸಿದ ಮೇಲೆ ಎಂಟನೇ ಕ್ಲಾಸನ್ನು ಹಾಗೇ ಕೂರಿಸಿ, ಬಾಗಿಲು ಹಾಕಿ, ನನ್ನ ಸ್ವಂತ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟೆ. ಹೊರಗೆ ಆಟೊದವರು ಹಾರ್ನ್ ಹೊಡೆಯುತ್ತಿದ್ದರು, ಹೊಡೆಯಲಿ ಅಂದುಕೊಂಡೆ.

ಲೂಸಿಯಾ ಬಂದಳು, ಹಲ್ಲಿಗೆ ತಂತಿ ಹಾಕಿಸಿಕೊಂಡ ಹುಡುಗಿ. ನಾವು ಕೇಳುವ ಮೊದಲೇ ಅವಳು ನಿಧಾನದ ಇಂಗ್ಲಿಷಿನಲ್ಲಿ ಹೇಳಿದಳು: ಅದು ದೋಣಿಗಳ ಸದ್ದು, ಗಾಳಿಗೆ ಹಾಯಿಯ ಹಗ್ಗ ಲೋಹದ ಕಂಬಕ್ಕೆ ಬಡಿಯುವುದು, ರಾತ್ರಿಯಿಡೀ ಬಡಿಯುತ್ತದೆ, ತನಗೆ ನಿದ್ದೆ ಬರುವುದಿಲ್ಲ. ನಮ್ಮ ಮಕ್ಕಳು ನಕ್ಕರು. ನನ್ನ ಎದೆ ಹಗುರಾಯಿತು. ಆಮೇಲೆ ಅವಳು ಕೇಳಿದಳು. “ನಿಮ್ಮ ದಾರಿಯ ಒಂದು ಸದ್ದನ್ನು ನಿಲ್ಲಿಸಬಹುದು ಅಂದರೆ ಯಾವುದನ್ನು ನಿಲ್ಲಿಸುತ್ತೀರಿ?”

ಇಡೀ ಕ್ಲಾಸು ತಿರುಗಿ ನನ್ನ ಮುಖ ನೋಡಿತು.

ಪ್ರಶ್ನೆ ಅರ್ಥವಾಗಲಿಲ್ಲವೆಂದಲ್ಲ. ಎಲ್ಲರ ಕೈಯಲ್ಲೂ ಪೆನ್ನಿತ್ತು. ನಾನು ಉತ್ತರ ಹೇಳುತ್ತೇನೆ, ಬರೆದುಕೊಂಡು ಹೇಳಿದರಾಯಿತು ಎಂದು ಕಾಯುತ್ತಿದ್ದರು, ದಿನವೂ ನನ್ನ ಪೀರಿಯಡ್ಡಿನಲ್ಲಿ ಕಾಯುವ ಹಾಗೆ. ಅಲ್ಲಿ ಲೂಸಿಯಾ ಕಾಯುತ್ತಿದ್ದಳು. ನಾನು ಹುಬ್ಬು ಹಾರಿಸಿದೆ, ನೀವೇ ಹೇಳಿ ಎಂದು ಕೈ ಮಾಡಿದೆ. ಯಾರೂ ಅಲುಗಲಿಲ್ಲ. ಶಾಲು, ಪೇಟ, ಭಾಷಣ ಎಂದು ಇಷ್ಟು ದಿನ ಶ್ರೀಕಂಠಯ್ಯನವರನ್ನು ಮನಸ್ಸಿನಲ್ಲೇ ಬೈದಿದ್ದೆ. ಈ ಕತ್ತುಗಳನ್ನು ನನ್ನ ಕಡೆ ತಿರುಗಿಸಿದವರು ಅವರಲ್ಲ. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು.

ನಾನು ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಬಿಡುವಿನ ನಿಮಿಷಗಳು ಮುಗಿಯುತ್ತಿದ್ದವು. ಬಾಗಿಲು ಸ್ವಲ್ಪ ತೆರೆದು ಮಾಹಿರಾ ತಲೆ ಹೊರಗೆ ಹಾಕಿದಳು.

“ಮಿಸ್, ಏನ್ ಹೇಳ್ಬೇಕು?”

ನನ್ನ ನಾಲಿಗೆಯ ತುದಿಯಲ್ಲಿ ಉತ್ತರ ಸಿದ್ಧವಾಗಿತ್ತು: ವಾಹನಗಳ ಹಾರ್ನ್, ಶಬ್ದಮಾಲಿನ್ಯ, ಮೂರು ಅಂಶ. ಅದನ್ನು ನುಂಗಿಕೊಂಡೆ.

“ನಂಗೆ ಗೊತ್ತಿಲ್ಲ ಮಾಹಿರಾ. ನಾನು ನಿಮ್ಮ ದಾರೀಲಿ ಬರಲ್ವಲ್ಲ.”

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಒಳಗೆ ಹೋದವಳು ಕ್ಲಾಸಿಗೆ ಹೇಳಿದ್ದು ಕೇಳಿಸಿತು: “ಮಿಸ್ಕೂ ಬೀ ನೈ ಮಾಲೂಮ್ ಕತೆ.” ಮಿಸ್ಸಿಗೂ ಗೊತ್ತಿಲ್ಲವಂತೆ.

ಆಮೇಲೆ ಬೆಂಚು ಸರಿದ ಸದ್ದಾಯಿತು. ಅದೇ ಮಾಹಿರಾ, ತಪ್ಪು ತಪ್ಪು ಇಂಗ್ಲಿಷಿನಲ್ಲಿ, ತಮ್ಮ ಬೀದಿಯ ಮೂಲೆಯಲ್ಲಿ ನಿಂತು ತನಗೆ ದಿನವೂ ಶಿಳ್ಳೆ ಹಾಕುವ ಒಬ್ಬನ ಬಗ್ಗೆ ಲೂಸಿಯಾಗೆ ಹೇಳತೊಡಗಿದಳು.