ತವರೂರಿನ ಹೆರಿಗೆ ಕೋಣೆ

ಏಳನೇ ತಿಂಗಳ ಕುಬಸ ಮುಗಿಸಿ ಬಸುರಿ ಭಾಗ್ಯಳನ್ನು ಗಂಡನ ಊರು ವಾಡಿಯಿಂದ ತವರೂರು ಆಡಕಿಗೆ ಕರೆತಂದಿದ್ದರು. ಅಣ್ಣನ ಮಗಳನ್ನು ನೋಡಲು ಉಮಾದೇವಿಯೂ ಬಂದಿದ್ದಳು. ದೇಶದ ಮುಂದಿನ ಇಪ್ಪತ್ತೈದು ವರ್ಷಗಳ ಆರೋಗ್ಯ ಯೋಜನೆಯಲ್ಲಿ ಈ ಸೀಮೆಯ ಅಧ್ಯಾಯ ಬರೆದವಳು ಅವಳೇ. ಮರುದಿನ ಅದು ದಿಲ್ಲಿಗೆ ಹೋಗಬೇಕಿತ್ತು.

"ಇನ್ನೊಂದು ಉಂಡಿ ತಿನ್ನವಾ. ಗಂಡನ ಮನ್ಯಾಗ ಬರೇ ಗಾಳಿ ತಿನಿಸ್ಯಾರೇನು?" ಮಹಾದೇವಮ್ಮ ಮೊಮ್ಮಗಳನ್ನು ಕೆಣಕಿದಳು.

"ಹೊಟ್ಟ್ಯಾಗ ಜಾಗ ಎಲ್ಲದ ಆಯಿ?"

ಉಮಾದೇವಿ ನಕ್ಕಳು. "ತಾಯಿ ಕಾರ್ಡ್ ಎಲ್ಲಿ ಮಾಡ್ಸೀದಿ ಭಾಗ್ಯ?"

"ವಾಡ್ಯಾಗ ಅತ್ತಿ. ಮದುವಿ ಆದಮ್ಯಾಲ ಹೆಸರು ಅಲ್ಲೇ ಅಲ್ಲಾ?"

ಉಮಾದೇವಿಯ ನಗು ಅಲ್ಲಿಗೇ ನಿಂತಿತು. ಹೆಸರು ಬರೆಸಿದ ಊರಿನಿಂದಲೇ ಅವಳು ಬಸುರಿಯರನ್ನು ಎಣಿಸಿದ್ದಳು. ಆಡಕಿಯಲ್ಲಿ ಆಗುವ ಹೆರಿಗೆಗಳು ಕಡಿಮೆ, ಇಲ್ಲಿನ ಹೆರಿಗೆ ಕೋಣೆಯನ್ನು ಯೋಜನೆಯ ಮೊದಲ ವರ್ಷವೇ ಮುಚ್ಚಿ ಎಲ್ಲರನ್ನೂ ಸೇಡಂ ತಾಲ್ಲೂಕು ಆಸ್ಪತ್ರೆಗೆ ಕಳಿಸಬಹುದು ಎಂದು ಬರೆದಿದ್ದಳು. ಆದರೆ ಊರಿನ ಹುಡುಗಿಯರನ್ನು ವಾಡಿಗೆ, ಶಹಾಬಾದಿಗೆ ಕೊಡುತ್ತಾರೆ. ಚೊಚ್ಚಲ ಹೆರಿಗೆಗೆ ಅವರು ಬರುವುದು ಇಲ್ಲಿಗೇ. ಗಂಡನ ಊರು ಚಿತ್ತಾಪುರದಲ್ಲಿ ಹೆಸರು ಬರೆಸಿ ತಾನು ಹಡೆದದ್ದೂ ಇದೇ ಕೋಣೆಯಲ್ಲಿ. ಲೆಕ್ಕ ಹಾಕುವಾಗ ತನ್ನನ್ನೇ ಮರೆತಿದ್ದಳು.

ಹಿತ್ತಲಿಗೆ ಹೋಗಿ ಯೋಜನಾ ಸಮಿತಿಯ ಅಧ್ಯಕ್ಷ ವಿಠ್ಠಲ್ ಅವರಿಗೆ ಫೋನ್ ಮಾಡಿ, ಲೆಕ್ಕ ತಪ್ಪಿದ್ದನ್ನು ಹೇಳಿದಳು.

"ಈಗ ತಿದ್ದಲಿಕ್ಕೆ ವ್ಯಾಳ್ಯಾ ಇಲ್ರಿ ಮೇಡಂ," ಎಂದರು ಅವರು. "ಹಿಂದಕ್ಕ ತಗೊಂಡ್ರ ಇಡೀ ಅಧ್ಯಾಯನೇ ಹೋಗ್ತದ. ಸೇಡಂದ ರಕ್ತ ಭಂಡಾರನೂ ಅದರಾಗೇ ಅದ, ನೆನಪದ ಇಲ್ಲೋ?"

ನೆನಪಿರದೆ ಏನು! ಭಾಗ್ಯಳನ್ನು ಹಡೆದು, ರಕ್ತ ಸಿಗದೆ ಕಲಬುರಗಿಯ ದಾರಿಯಲ್ಲೇ ಕಣ್ಣು ಮುಚ್ಚಿದ ವೈನಿಗಾಗಿ, ಅಣ್ಣನ ಹೆಂಡತಿಗಾಗಿ, ಅವಳು ಆ ಸಾಲು ಬರೆದಿದ್ದಳು. ಅಧ್ಯಾಯ ಬಿದ್ದರೆ ರಕ್ತ ಭಂಡಾರಕ್ಕಾಗಿ ಮತ್ತೆ ಎಷ್ಟು ವರ್ಷ ಕಾಯಬೇಕೋ. ಬೀಳದಿದ್ದರೆ ಬರುವ ವರ್ಷದಿಂದಲೇ ಹೆರಿಗೆ ನೋವು ತಿನ್ನುತ್ತ ಹುಡುಗಿಯರು ಸೇಡಂ ಬಸ್ಸಿಗಾಗಿ ನಿಲ್ಲಬೇಕು.

"ಹಿಂದಕ್ಕ ತಗೋತೀನ್ರಿ ಸರ್," ಎಂದಳು. "ತಪ್ಪು ಲೆಕ್ಕ ನಂದೇ."

"ಭಾಳ ದೊಡ್ಡ ಮಾತು ಆಡಾಕತ್ತೀರಿ."

"ಹೌದ್ರಿ."

ತಿರುಗಿ ಬಂದಾಗ ಬಾಗಿಲಲ್ಲೇ ತಾಯಿ ಮಹಾದೇವಮ್ಮ ಕೇಳಿದಳು, "ಸೇಡಂದಾಗ ರಕ್ತ ಸಿಗೂ ಹಂಗ ಮಾಡೀನಿ ಅಂದಿದ್ಯಲ್ಲ, ಯಾವಾಗವ್ವಾ?"

"ತಡ ಆಗ್ತದ ಅವ್ವಾ. ನಾನೇ ತಡ ಮಾಡ್ದೆ."

ಮಹಾದೇವಮ್ಮ ಒಳಗೆ ಹೋಗಿ ಭಾಗ್ಯಳ ಪಕ್ಕ ಕುಳಿತು ಅವಳ ಬೆನ್ನ ಮೇಲೆ ಕೈಯಿಟ್ಟಳು. ಉಮಾದೇವಿ ಹೊಸ್ತಿಲಲ್ಲೇ ನಿಂತಳು. ಒಳಗೆ ಹೋಗಿ ಅವರ ಜೊತೆ ಕೂರುವ ಧೈರ್ಯ ಅವಳಿಗೆ ಬೇಗ ಬರಲಿಲ್ಲ.